ದಾರಿಯ ಹಕ್ಕು ಮತ್ತು ಸಾಲಿಗ್ರಾಮದ ಕೂಡುರಸ್ತೆ

ಉಡುಪಿಯಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿರುವ ಸಾಲಿಗ್ರಾಮವು ನಮ್ಮ ವಾಚಕರಿಗೆ ಅಪರಿಚಿತವಾದ ಸ್ಥಳವಲ್ಲ. ಗುರುನರಸಿಂಹನ ಸನ್ನಿಧಿಯಿಂದಲೂ, ಊರಿನ ಹೆಸರನ್ನೇ ಹೊತ್ತು ತಿರುಗುವ ಯಕ್ಷಗಾನ ಮೇಳದಿಂದಲೂ, ಶಿವರಾಮ ಕಾರಂತರು ತಮ್ಮ ಬಾಳಿನ ಕಡೆಯ ವರ್ಷಗಳನ್ನು ಕಳೆದ ಊರೆಂಬುದರಿಂದಲೂ ಅದರ ಹೆಸರು ನಾಡಿನಲ್ಲೆಲ್ಲ ಕೇಳಿಬಂದಿದೆ. ಆದರೆ ನಾವು ಇಂದು ಆ ಊರಿನ ಮಾತನ್ನು ಎತ್ತಿಕೊಂಡಿರುವುದು ಇವುಗಳಲ್ಲಿ ಯಾವ ಕಾರಣಕ್ಕಾಗಿಯೂ ಅಲ್ಲ. ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಕಡಲತೀರವನ್ನು ಹಿಡಿದು ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯು, ಎಂದರೆ 2010ಕ್ಕೆ ಮುಂಚೆ 17ನೆಯದೆಂದು ಕರೆಯಿಸಿಕೊಳ್ಳುತ್ತಿದ್ದ ರಸ್ತೆಯು, ಈ ಪೇಟೆಯ ನಡುವೆಯೇ ಹಾದುಹೋಗುತ್ತದೆ. ಅದನ್ನು ಚತುಷ್ಪಥವನ್ನಾಗಿ ಅಗಲಿಸಿದಂದಿನಿಂದ ಪಾರಂಪಳ್ಳಿ, ಕಾರ್ಕಡ, ಚಿತ್ರಪಾಡಿಗಳ ಕಡೆಯ ಜನರಿಗೆ ಪೇಟೆಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೋಗುವುದೆಂದರೆ ಒಂದು ಚಿಕ್ಕ ಸಾಹಸವಾಗಿ ಪರಿಣಮಿಸಿದೆ. ಆ ದಾಟುವಿಕೆಯಲ್ಲಿ ಮೊದಲು ಹೋಗತಕ್ಕವರು ಯಾರು, ನಿಲ್ಲತಕ್ಕವರು ಯಾರು, ಈ ವಿಷಯದಲ್ಲಿ ಕಾಯಿದೆಯು ಹೇಳುವುದೇನು, ಕಾಯಿದೆಯ ಮಾತು ಮನುಷ್ಯನ ಕಣ್ಣನ್ನೂ ಕಾಲನ್ನೂ ಎಷ್ಟರ ಮಟ್ಟಿಗೆ ತಿದ್ದಬಲ್ಲುದು ಎಂಬುದನ್ನು ವಿಚಾರ ಮಾಡುವುದು ಅವಶ್ಯವೆಂದು ನಮಗೆ ತೋರುತ್ತದೆ.

ಸಂಜೆ ಶಾಲೆ ಬಿಡುವ ಹೊತ್ತಿಗೆ ಕರಾವಳಿಯ ಇಂತಹ ಯಾವುದೇ ಕೂಡುರಸ್ತೆಯಲ್ಲಿ ಅರ್ಧ ಗಂಟೆ ನಿಂತು ನೋಡಿದವರಿಗೆ ಈ ಪ್ರಶ್ನೆಯ ತೂಕವು ತಾನಾಗಿ ಅರಿವಾಗುವುದು. ಒಂದು ಕಡೆ ಸಮವಸ್ತ್ರದ ಮಕ್ಕಳು ಸೈಕಲ್ಲನ್ನು ಹಿಡಿದುಕೊಂಡು ಡಾಂಬರಿನ ಅಂಚಿನಲ್ಲಿ ನಿಂತಿರುತ್ತಾರೆ. ಮೀನಿನ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿದ ಮೊಪೆಡ್ಡಿನವನು ಒಂದು ಕಾಲನ್ನು ನೆಲಕ್ಕೆ ಊರಿ ಇಂಜಿನನ್ನು ಗುರುಗುಟ್ಟಿಸುತ್ತಿರುತ್ತಾನೆ. ಹಣ್ಣುಕಾಯಿಯ ಚೀಲವನ್ನು ಹಿಡಿದ ವೃದ್ಧೆಯೊಬ್ಬಳು ಒಂದು ಹೆಜ್ಜೆ ಮುಂದಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಬರುತ್ತಾಳೆ. ಅತ್ತ ಕಡೆಯಿಂದ ಬರುವ ಬಸ್ಸು, ಲಾರಿ, ಮೋಟಾರು ಕಾರುಗಳು ವೇಗವನ್ನು ತಗ್ಗಿಸುವ ಬದಲಾಗಿ ದೀಪವನ್ನು ಮಿಟುಕಿಸುತ್ತವೆ. ಇಂಗ್ಲೆಂಡಿನಲ್ಲಿ ಚಾಲಕನು ಹೀಗೆ ದೀಪ ಮಿಟುಕಿಸಿದರೆ ಎದುರಿನವನು ಸಾಮಾನ್ಯವಾಗಿ ‘ನೀವು ಹೋಗಿ’ ಎಂದು ತಿಳಿದುಕೊಳ್ಳುತ್ತಾನೆ. ನಮ್ಮಲ್ಲಿ ಅದಕ್ಕೆ ‘ನಾನು ಬಂದೆ, ನೀನು ನಿಲ್ಲು’ ಎಂಬುದೊಂದೇ ಅರ್ಥ. ಒಂದೇ ಸಂಜ್ಞೆಗೆ ಎರಡು ದೇಶಗಳಲ್ಲಿ ಎರಡು ವಿಪರೀತಾರ್ಥಗಳಿರುವುದನ್ನು ಕಂಡಾಗ, ದಾರಿಯ ಹಕ್ಕೆಂಬುದು ಪುಸ್ತಕದಲ್ಲಿ ಮಾತ್ರವೇ ಬರೆದಿರುವ ವಸ್ತುವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಪುಸ್ತಕದಲ್ಲಿರುವುದನ್ನಾದರೂ ಮೊದಲು ನೋಡೋಣ. 1989ರ ರಸ್ತೆ ನಿಯಮಗಳೂ, ಅವುಗಳ ಸ್ಥಾನದಲ್ಲಿ 2017ರಲ್ಲಿ ಜಾರಿಗೆ ಬಂದ ಮೋಟಾರು ವಾಹನ ಚಾಲನಾ ನಿಯಮಗಳೂ ಈ ವಿಷಯದಲ್ಲಿ ಸಾರಾಂಶವಾಗಿ ಒಂದೇ ತತ್ತ್ವವನ್ನು ಹೇಳುತ್ತವೆ. ಸಣ್ಣ ರಸ್ತೆಯಿಂದ ಮುಖ್ಯ ರಸ್ತೆಗೆ ಬರುವವನು ಮುಖ್ಯ ರಸ್ತೆಯ ವಾಹನಗಳಿಗೆ ದಾರಿ ಬಿಡತಕ್ಕದ್ದು. ಅಂತಹ ಮೇಲುಕೀಳುಗಳಿಲ್ಲದ ಕೂಡುರಸ್ತೆಯಲ್ಲಿ ಪ್ರತಿಯೊಬ್ಬನೂ ತನ್ನ ಬಲಗಡೆಯಿಂದ ಬರುವವನಿಗೆ ದಾರಿ ಬಿಡತಕ್ಕದ್ದು. ಕಾವಲಿಲ್ಲದ ಪಾದಚಾರಿ ದಾಟುದಾರಿಯಲ್ಲಿ ನಡೆಯುವವನಿಗೇ ಮೊದಲ ಹಕ್ಕು. ಇವೆಲ್ಲಕ್ಕೂ ಮಿಗಿಲಾಗಿ, ಕೂಡುರಸ್ತೆಯನ್ನು ಸಮೀಪಿಸುವ ಚಾಲಕನು, ಅವನು ಮುಖ್ಯ ರಸ್ತೆಯವನೇ ಆಗಿರಲಿ, ವೇಗವನ್ನು ತಗ್ಗಿಸತಕ್ಕದ್ದು. ಲೈಸೆನ್ಸಿನ ಪರೀಕ್ಷೆಗಾಗಿ ಇವನ್ನು ಕಂಠಪಾಠ ಮಾಡಿದವರಲ್ಲಿ ಎಷ್ಟು ಮಂದಿಗೆ ಮೊದಲನೆಯ ವಾಕ್ಯವೊಂದನ್ನು ಬಿಟ್ಟು ಮಿಕ್ಕವು ನೆನಪಿನಲ್ಲಿ ಉಳಿದಿವೆ ಎಂಬುದನ್ನು ವಾಚಕರು ತಮ್ಮ ತಮ್ಮ ಮಿತ್ರರನ್ನೇ ಕೇಳಿ ನೋಡಬಹುದು. ಹೆದ್ದಾರಿಯವನು ‘ದಾರಿ ನನ್ನದು’ ಎಂಬುದನ್ನು ಮಾತ್ರ ನೆನಪಿಟ್ಟುಕೊಂಡಿದ್ದಾನೆ. ಅದಕ್ಕೆ ಅಂಟಿಕೊಂಡಿರುವ ‘ವೇಗ ತಗ್ಗಿಸು’ ಎಂಬುದನ್ನು ಮರೆತಿದ್ದಾನೆ. ಸೈಕಲ್ಲಿನವನಿಗಂತೂ ಲೈಸೆನ್ಸೂ ಇಲ್ಲ, ಪರೀಕ್ಷೆಯೂ ಇಲ್ಲ. ಹಿಂದೆ ಪುರಸಭೆಯವರು ಸೈಕಲ್ಲಿಗೆ ತೆರಿಗೆ ಹಾಕಿ ಲೋಹದ ಬಿಲ್ಲೆ ಕೊಡುತ್ತಿದ್ದ ಕಾಲದಲ್ಲಿ, ರಾತ್ರಿ ದೀಪವಿಲ್ಲದೆ ಹೋದವನ ಗಾಲಿಯ ಗಾಳಿಯನ್ನು ಕಾನ್‌ಸ್ಟೇಬಲನು ಬಿಡಿಸುತ್ತಿದ್ದನೆಂದು ಹಿರಿಯರು ಈಗಲೂ ನಗುತ್ತ ಹೇಳುವುದುಂಟು. ಆ ಬಿಲ್ಲೆಯೂ ಹೋಯಿತು, ಆ ಕಾವಲೂ ಹೋಯಿತು. ಅವುಗಳ ಸ್ಥಾನದಲ್ಲಿ ಬೇರಾವ ಶಿಕ್ಷಣವೂ ಬರಲಿಲ್ಲ.

ದಾರಿಯ ಹಕ್ಕಿನ ಜಗಳವು ನಮ್ಮ ದೇಶಕ್ಕೆ ಮೋಟಾರಿನೊಡನೆ ಬಂದುದಲ್ಲ. ಮಹಾಭಾರತದ ಆದಿಪರ್ವದ ಕಲ್ಮಾಷಪಾದನ ಕಥೆಯು ಸಾಲಿಗ್ರಾಮದ ಯಕ್ಷಗಾನಪ್ರಿಯರಿಗೆ ಹೊಸದಾಗಲಾರದು. ಬೇಟೆಯಿಂದ ದಣಿದು, ಹಸಿವು ಬಾಯಾರಿಕೆಗಳಿಂದ ಕಂಗೆಟ್ಟು ಬರುತ್ತಿದ್ದ ಆ ಅರಸನಿಗೆ, ಒಬ್ಬರೇ ನಡೆಯಬಹುದಾದ ಕಾಡುದಾರಿಯಲ್ಲಿ ವಸಿಷ್ಠರ ಮಗನಾದ ಶಕ್ತಿಯು ಎದುರಾದನು. ದಾರಿ ಬಿಡೆಂದು ಅರಸನೆಂದನು. ಧರ್ಮದ ಪ್ರಕಾರ ದಾರಿಯು ತನ್ನದೆಂದು ಮುನಿಯೆಂದನು. ಇಬ್ಬರೂ ಕದಲಲಿಲ್ಲ. ಅರಸನು ಚಾವಟಿಯಿಂದ ಹೊಡೆದನು, ಮುನಿಯು ರಾಕ್ಷಸನಾಗೆಂದು ಶಪಿಸಿದನು, ರಾಕ್ಷಸನಾದ ಅರಸನು ಮೊಟ್ಟಮೊದಲು ನುಂಗಿದ್ದು ಶಾಪಕೊಟ್ಟ ಶಕ್ತಿಯನ್ನೇ. ಅಂದಿನ ಶಾಸ್ತ್ರದ ಪ್ರಕಾರ ಹಕ್ಕು ಮುನಿಯದಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಹಕ್ಕು ಅವನ ಪ್ರಾಣವನ್ನು ಉಳಿಸಲಿಲ್ಲ. ಮುದುಕರಿಗೂ ರೋಗಿಗಳಿಗೂ ಹೊರೆಹೊತ್ತವರಿಗೂ ಸ್ತ್ರೀಯರಿಗೂ ದಾರಿ ಬಿಡಬೇಕೆಂದು ನಮ್ಮ ಸ್ಮೃತಿಕಾರರು ವಿಧಿಸಿದ್ದಾರೆ. ಅದೇ ಪಟ್ಟಿಯಲ್ಲಿ ರಥಾರೂಢನಿಗೂ ಸ್ಥಾನವುಂಟೆಂಬುದನ್ನು ಮರೆಮಾಚುವುದು ನ್ಯಾಯವಾಗಲಾರದು. ಇಂದಿನ ಹೆದ್ದಾರಿಯಲ್ಲಿಯಾದರೋ ಪಟ್ಟಿಯ ಮಿಕ್ಕವರೆಲ್ಲರೂ ಬಿದ್ದುಹೋಗಿ ರಥಾರೂಢನೊಬ್ಬನೇ ಉಳಿದುಕೊಂಡಿದ್ದಾನೆ.

ಹಕ್ಕು ಒಬ್ಬನದು, ಅಪಾಯವೂ ಅವನದೇ ಎಂಬ ಈ ವಿಚಿತ್ರ ಸ್ಥಿತಿಯನ್ನು ಅಂಕಿಗಳಿಂದ ತೋರಿಸಿಕೊಟ್ಟವರು ಫಿನ್ಲೆಂಡಿನ ವಿದ್ವಾಂಸರು. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಹೇಕ್ಕಿ ಸುಮ್ಮಲಾ ಎಂಬವರು ಮಿಕ್ಕೋ ರಾಸನೆನ್ ಎಂಬವರೊಡನೆ ಆ ದೇಶದ ನಾಲ್ಕು ಪಟ್ಟಣಗಳಲ್ಲಿ ನಡೆದ 188 ಸೈಕಲ್–ಮೋಟಾರು ಡಿಕ್ಕಿಗಳನ್ನು ಒಂದೊಂದಾಗಿ ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದ ಲೇಖನವನ್ನು ನಮ್ಮ ಅಧಿಕಾರಿಗಳು ಓದತಕ್ಕದ್ದು. ಡಿಕ್ಕಿಗೆ ಮುಂಚೆ ಸೈಕಲ್ಲನ್ನು ಕಂಡಿದ್ದ ಮೋಟಾರು ಚಾಲಕರು ನೂರಕ್ಕೆ 11 ಮಂದಿ ಮಾತ್ರ. ಮೋಟಾರನ್ನು ಕಂಡಿದ್ದ ಸೈಕಲ್ ಸವಾರರು ನೂರಕ್ಕೆ 68 ಮಂದಿ. ಹಾಗೆ ಕಂಡಿದ್ದ ಸವಾರರಲ್ಲಿ ನೂರಕ್ಕೆ 92 ಮಂದಿಯು, ಕಾಯಿದೆಯಲ್ಲಿ ಹೇಳಿರುವಂತೆ ಚಾಲಕನು ತಮಗೆ ದಾರಿ ಬಿಡುವನೆಂದು ನಂಬಿದ್ದರು! ಎಂದರೆ ಚಾಲಕನು ಕ್ರೂರಿಯಾದುದರಿಂದ ಡಿಕ್ಕಿಯಾಗಲಿಲ್ಲ. ಸವಾರನು ಮೂರ್ಖನಾದುದರಿಂದಲೂ ಆಗಲಿಲ್ಲ. ಒಬ್ಬನು ನೋಡಲಿಲ್ಲ, ಮತ್ತೊಬ್ಬನು ತನ್ನನ್ನು ನೋಡಿದ್ದಾನೆಂದು ಭಾವಿಸಿದನು. ನಿಯಮವು ಎರಡನೆಯವನಿಗೆ ಧೈರ್ಯವನ್ನು ಕೊಟ್ಟಿತು. ಮೊದಲನೆಯವನಿಗೆ ಕಣ್ಣನ್ನು ಕೊಡಲಿಲ್ಲ.

ಮೊದಲನೆಯವನು ನೋಡದೆ ಇದ್ದುದೇಕೆ? ಅದಕ್ಕೂ ಆ ವಿದ್ವಾಂಸರ 1996ರ ಇನ್ನೊಂದು ಪರಿಶೋಧನೆಯಲ್ಲಿ ಉತ್ತರವಿದೆ. ಫಿನ್ಲೆಂಡಿನಲ್ಲಿ ವಾಹನಗಳು ರಸ್ತೆಯ ಬಲಗಡೆಯಲ್ಲಿ ಸಾಗುತ್ತವೆ. ಅಡ್ಡರಸ್ತೆಯಿಂದ ಬಂದು ಬಲಕ್ಕೆ ತಿರುಗುವ ಚಾಲಕನಿಗೆ ಮೋಟಾರುಗಳ ಭಯವಿರುವುದು ಎಡಗಡೆಯಿಂದ ಮಾತ್ರ. ಆದಕಾರಣ ಅವನ ಕತ್ತು ಎಡಕ್ಕೆ ತಿರುಗಿದ್ದು ಎಡಕ್ಕೇ ನಿಂತಿರುತ್ತದೆ. ಬಲಗಡೆಯ ಸೈಕಲ್ ಪಥದಿಂದ ನ್ಯಾಯವಾಗಿಯೇ ಬರುತ್ತಿರುವ ಸವಾರನು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಯಾರಿಗೆ ದಾರಿ ಬಿಡಬೇಕೆಂಬ ನಿಯಮವು ಕಾಲಕ್ರಮದಲ್ಲಿ, ಎತ್ತ ನೋಡಬೇಕಾಗಿಲ್ಲವೆಂಬ ಅಭ್ಯಾಸವಾಗಿ ಮಾರ್ಪಡುತ್ತದೆ. ಇದನ್ನು ನಾವು ವಿಶೇಷವಾಗಿ ಗಮನಿಸಬೇಕು.

ಈಗ ಈ ಚಿತ್ರವನ್ನು ಕನ್ನಡಿಯಲ್ಲಿ ತಿರುಗಿಸಿದಂತೆ ಸಾಲಿಗ್ರಾಮಕ್ಕೆ ತಂದು ನೋಡಿರಿ. ನಾವು ರಸ್ತೆಯ ಎಡಗಡೆಯಲ್ಲಿ ಸಾಗುವವರು. ಒಳರಸ್ತೆಯಿಂದ ಹೆದ್ದಾರಿಗೆ ಬಂದು ಎಡಕ್ಕೆ ಹೊರಳುವ ರಿಕ್ಷಾದವನು ಬಲಗಡೆಯನ್ನೇ ದಿಟ್ಟಿಸುತ್ತಾನೆ, ಏಕೆಂದರೆ ಬಸ್ಸು ಬರುವುದು ಅತ್ತಲಿಂದ. ಅದೇ ನಿಮಿಷದಲ್ಲಿ ಅವನ ಎಡಗಡೆಯಿಂದ, ಹೆದ್ದಾರಿಯ ಅಂಚಿನಲ್ಲಿ, ವಿರುದ್ಧ ದಿಕ್ಕಿನಲ್ಲಿ ಒಬ್ಬ ಹುಡುಗನು ಸೈಕಲ್ಲನ್ನು ತುಳಿದುಕೊಂಡು ಬರುತ್ತಿರುತ್ತಾನೆ. ಅವನು ಹಾಗೆ ಬರಬಾರದು. ವಿರುದ್ಧ ದಿಕ್ಕಿನಲ್ಲಿ ಮೋಟಾರನ್ನು ನಡೆಸುವುದನ್ನು 2019ರ ತಿದ್ದುಪಡಿಯು ಅಪಾಯಕಾರಿ ಚಾಲನೆಯೆಂದೇ ಎಣಿಸಿದೆ. ಸೈಕಲ್ಲಿಗೆ ಆ ಕಲಮು ತಗಲದಿದ್ದರೂ ಅಪಾಯವು ತಗಲದೆ ಬಿಡುವುದಿಲ್ಲ. ಆದರೆ ಅವನು ಹಾಗೆ ಬರುವುದೇಕೆಂಬುದನ್ನು ಕೇಳದೆ ಅವನನ್ನು ಬೈಯುವುದು ಸುಲಭ. ಮನೆಯಿಂದ ಇನ್ನೂರು ಮೀಟರು ದೂರದಲ್ಲಿರುವ ಅಂಗಡಿಗೆ ಕಾಯಿದೆಯಂತೆ ಹೋಗಬೇಕಾದರೆ ಅವನು ಮೊದಲು ಎದುರು ಬದಿಯ ಪಥಕ್ಕೆ ಸೇರಬೇಕು, ನಡುವಣ ವಿಭಜಕದ ತೆರಪು ಎಲ್ಲಿದೆಯೋ ಅಲ್ಲಿಯವರೆಗೆ ಹೋಗಬೇಕು, ಲಾರಿಗಳ ನಡುವೆ ತಿರುಗಬೇಕು, ಮತ್ತೆ ಹಿಂದಿರುಗಬೇಕು. ಸೇವಾರಸ್ತೆಯಿಲ್ಲದ ಕಡೆ ಇನ್ನೂರು ಮೀಟರಿನ ಕೆಲಸವು ಎರಡು ಕಿಲೋಮೀಟರಿನದಾಗಿ, ಒಂದು ದಾಟುವಿಕೆಯು ಎರಡಾಗಿ ಪರಿಣಮಿಸುತ್ತದೆ. ಎಂಜಿನಿಯರು ಕಾಗದದ ಮೇಲೆ ಎಳೆದ ಗೆರೆಗಿಂತ ತುಳಿಯುವವನ ಮೊಣಕಾಲು ಎಳೆಯುವ ಗೆರೆಯೇ ಬಲವತ್ತರವಾದುದೆಂಬುದನ್ನು ಯಾರು ತಾನೇ ಅಲ್ಲಗಳೆಯಬಲ್ಲರು?

ಸೈಕಲ್ಲಿನವನು ನಿಲ್ಲಲು ಹಿಂಜರಿಯುವುದಕ್ಕೆ ಇನ್ನೂ ಒಂದು ಕಾರಣವುಂಟು. ಮೋಟಾರಿನವನಿಗೆ ನಿಂತು ಹೊರಡುವುದೆಂದರೆ ಪಾದದ ಒಂದು ಒತ್ತಡ. ತುಳಿಯುವವನಿಗೆ ಕೂಡಿಟ್ಟ ಶಕ್ತಿಯನ್ನೆಲ್ಲ ಚೆಲ್ಲಿ ಮತ್ತೆ ಮೈಯಿಂದ ತೆಗೆಯುವ ಕೆಲಸ. ಕ್ಯಾಲಿಫೋರ್ನಿಯದ ಭೌತಶಾಸ್ತ್ರಜ್ಞರಾದ ಜೋಯೆಲ್ ಫಾಜನ್ಸರು 2001ರಲ್ಲಿ ಈ ವಿಷಯವನ್ನೇ ಕುರಿತು ಲೇಖನವನ್ನು ಬರೆದರು. ಅಮೆರಿಕದ ಐಡಹೊ ಸಂಸ್ಥಾನದವರು 1982ರಷ್ಟು ಹಿಂದೆಯೇ ಇದನ್ನು ಮನಗಂಡು, ‘ನಿಲ್ಲು’ ಎಂಬ ಫಲಕವನ್ನು ಸೈಕಲ್ಲಿನವನು ‘ದಾರಿ ಬಿಡು’ ಎಂದು ಓದಿಕೊಳ್ಳಬಹುದೆಂದು, ಎಂದರೆ ಬರುವವರಿಲ್ಲದಿದ್ದರೆ ನಿಧಾನವಾಗಿ ಸಾಗಬಹುದೆಂದು, ಕಾಯಿದೆ ಮಾಡಿದರು. ಇದನ್ನು ನಮ್ಮ ಹೆದ್ದಾರಿಗೆ ಹಾಗೆಯೇ ತರಬೇಕೆಂದು ನಾವು ಹೇಳುವುದಿಲ್ಲ, ತಂದರೆ ಅನರ್ಥವಾದೀತು. ನಿಯಮವನ್ನು ಮಾಡುವವರು ಅದನ್ನು ಪಾಲಿಸಬೇಕಾದವನ ಕಾಲಿನ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂಬುದಕ್ಕೆ ಮಾತ್ರ ಇದು ನಿದರ್ಶನ.

ಅನರ್ಥವೇಕೆಂಬುದನ್ನು ಸ್ವಲ್ಪ ಗಣಿತದಿಂದ ತಿಳಿಯಬಹುದು. ಗಂಟೆಗೆ 80 ಕಿಲೋಮೀಟರು ವೇಗದ ವಾಹನವು ಒಂದು ಸೆಕೆಂಡಿಗೆ 22 ಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ನಾಲ್ಕು ಪಥಗಳ ಹೆದ್ದಾರಿಯಲ್ಲಿ ಒಂದು ಬದಿಯ ಎರಡು ಪಥಗಳ ಅಗಲವು ಸುಮಾರು 7 ಮೀಟರು; ಅಂಚಿನ ಪಟ್ಟಿಯನ್ನು ಸೇರಿಸಿದರೆ ಇನ್ನೂ ಹೆಚ್ಚು. ನಿಂತಲ್ಲಿಂದ ಹೊರಟ ಸೈಕಲ್ಲು ಇದನ್ನು ದಾಟಲು ಐದಾರು ಸೆಕೆಂಡುಗಳಾದರೂ ಬೇಕು. ಚೀಲ ಹಿಡಿದ ವೃದ್ಧೆಗೆ ಏಳೆಂಟು. ಅಷ್ಟರಲ್ಲಿ ವಾಹನವು 110ರಿಂದ 178 ಮೀಟರಿನವರೆಗೆ ಬಂದಿರುತ್ತದೆ. ಎಂದರೆ ಹದಿಮೂರು ವರ್ಷದ ಬಾಲಕನು, ನೂರೈವತ್ತು ಮೀಟರು ಆಚೆಗಿರುವ ಒಂದು ಚುಕ್ಕೆಯು ಲಾರಿಯೋ ಕಾರೋ, ನಲವತ್ತರ ವೇಗದ್ದೋ ನೂರರ ವೇಗದ್ದೋ ಎಂಬುದನ್ನು ಎಣಿಸಿ ಪ್ರಾಣವನ್ನು ಪಣಕ್ಕೊಡ್ಡಬೇಕಾಗಿದೆ. ಕಾಯುವ ಹೊತ್ತು ಹೆಚ್ಚಿದಷ್ಟೂ ಮನುಷ್ಯನು ಸಣ್ಣ ಸಣ್ಣ ಎಡೆಗಳಲ್ಲಿ ನುಗ್ಗಲು ಮುಂದಾಗುತ್ತಾನೆಂಬುದು ಎಲ್ಲ ದೇಶಗಳಲ್ಲಿಯೂ ಕಂಡುಬಂದ ಸಂಗತಿ. ಮುಖ್ಯ ರಸ್ತೆಗೆ ಸಂಪೂರ್ಣ ಹಕ್ಕನ್ನು ಕೊಟ್ಟು, ಪಕ್ಕದ ರಸ್ತೆಯವನಿಗೆ ಕಾಯುವುದನ್ನು ಮಾತ್ರ ಬಿಟ್ಟರೆ, ಆ ತಾಳ್ಮೆಗೆಟ್ಟ ನುಗ್ಗುವಿಕೆಯನ್ನು ಕಾಯಿದೆಯೇ ಬೆಳೆಸಿದಂತಾಗುತ್ತದೆ. ಇದು ಬೇಸಗೆಯ ಲೆಕ್ಕ. ಜೂನಿನಿಂದ ಮುಂದೆ ನಮ್ಮ ಕರಾವಳಿಯಲ್ಲಿ ಮಳೆ ಹಿಡಿದರೆ, ಮಳೆಕೋಟಿನ ಟೊಪ್ಪಿಗೆಯು ಹುಡುಗನ ಎಡಬಲದ ನೋಟವನ್ನು ಮುಚ್ಚುತ್ತದೆ, ಗಾಳಿಯು ಕೊಡೆಯನ್ನು ಮುಖದ ಮುಂದಕ್ಕೇ ಒತ್ತುತ್ತದೆ, ಲಾರಿಯ ಗಾಲಿಯಿಂದೆದ್ದ ನೀರಿನ ತೆರೆಯ ಹಿಂದೆ ಇನ್ನೊಂದು ವಾಹನವಿರುವುದು ಕಾಣುವುದೇ ಇಲ್ಲ, ಒದ್ದೆ ಡಾಂಬರಿನ ಮೇಲೆ ಬ್ರೇಕು ಹಿಡಿಯುವ ದೂರವೂ ಬೆಳೆಯುತ್ತದೆ.

ದೇಶದ ಲೆಕ್ಕವನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಕೇಂದ್ರ ಸಾರಿಗೆ ಮಂತ್ರಾಲಯದವರ ವರದಿಯ ಪ್ರಕಾರ 2022ನೆಯ ಇಸವಿಯಲ್ಲಿ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 61,038 ಮಂದಿ ಮಡಿದದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ದೇಶದ ರಸ್ತೆಗಳ ಉದ್ದದಲ್ಲಿ ಈ ಹೆದ್ದಾರಿಗಳ ಪಾಲು ನೂರಕ್ಕೆ ಎರಡರಷ್ಟು ಮಾತ್ರವೆಂಬುದನ್ನು ಜ್ಞಾಪಕದಲ್ಲಿಡಬೇಕು. ಪಾದಚಾರಿಗಳು 32,825; ಸೈಕಲ್ ಸವಾರರು 4,836. ಯುದ್ಧದಲ್ಲಿ ಇಷ್ಟು ಜನ ಮಡಿದಿದ್ದರೆ ದಿನದಿನವೂ ನಾವು ದಪ್ಪಕ್ಷರಗಳಲ್ಲಿ ಅಚ್ಚುಹಾಕುತ್ತಿದ್ದೆವು. ಕೂಡುರಸ್ತೆಯಲ್ಲಿ ಮಡಿದವನ ಸುದ್ದಿಗೆ ಒಳಪುಟದಲ್ಲಿ ನಾಲ್ಕು ಸಾಲು ಸಿಕ್ಕಿದರೆ ಹೆಚ್ಚು. ಈ ತಪ್ಪು ನಮ್ಮದೂ ಅಹುದು.

ನಿಯಮವನ್ನು ಬದಲಾಯಿಸಿದರೆ ನಡತೆಯು ಬದಲಾಗುವುದೇ ಇಲ್ಲವೆಂದು ಯಾರೂ ತಿಳಿಯಬಾರದು. ವೃತ್ತಗಳ ಚರಿತ್ರೆಯು ಅದಕ್ಕೆ ಪ್ರಮಾಣ. ಫ್ರಾನ್ಸಿನಲ್ಲಿ ಬಲಗಡೆಯಿಂದ ಬರುವವನಿಗೆ ದಾರಿಯೆಂಬುದು ಹಳೆಯ ನಿಯಮ. ಅಲ್ಲಿ ವಾಹನಗಳು ಬಲಗಡೆಯಲ್ಲಿ ಸಾಗುವುದರಿಂದ, ವೃತ್ತದೊಳಕ್ಕೆ ಹೊಸದಾಗಿ ಬರುವವನೇ ಒಳಗೆ ಸುತ್ತುತ್ತಿರುವವನ ಬಲಕ್ಕಿರುತ್ತಾನೆ. ಹೀಗಾಗಿ ಬರುವವರೆಲ್ಲರೂ ಒಳಗೆ ನುಗ್ಗಿ, ಹೊರಗೆ ಹೋಗಲು ಯಾರಿಗೂ ಎಡೆಯಿಲ್ಲದೆ ವೃತ್ತವೇ ಬೀಗ ಹಾಕಿದಂತಾಗುತ್ತಿತ್ತು. ಬ್ರಿಟನ್ನಿನವರು 1966ರಲ್ಲಿಯೂ, ಫ್ರೆಂಚರು 1980ರ ದಶಕದಲ್ಲಿಯೂ, ಒಳಗಿರುವವನಿಗೇ ಹಕ್ಕೆಂದು ವಿಧಿಸಿದ ಮೇಲೆ ಗಂಟು ಬಿಚ್ಚಿತು. ನಮ್ಮ ದೇಶದಲ್ಲಿ ವಾಹನಗಳು ಎಡಕ್ಕೆ ಸಾಗುವುದರಿಂದ ಬಲಗಡೆಯವನಿಗೆ ದಾರಿಯೆಂಬ ನಿಯಮವೇ ಸಾಕಾಗಿತ್ತು. ಮೈಸೂರಿನ ವೃತ್ತಗಳಲ್ಲಿ ಸುತ್ತುವವನು ಯಾವಾಗಲೂ ಬರುವವನ ಬಲಕ್ಕಿರುತ್ತಾನೆ. ಬಾಯಲ್ಲಿ ಹೇಳುವುದಕ್ಕೆ ಇಷ್ಟು ಸುಲಭವಾದ ನಿಯಮವನ್ನು ಪಾಲಿಸುವವರು ವಿರಳವೆಂಬುದು ಬೇರೆ ಮಾತು. ಆದರೆ ಇಲ್ಲಿ ಒಂದು ಅಂಶವನ್ನು ಮರೆಯಲಾಗದು. ವೃತ್ತದಲ್ಲಿ ನಿಯಮವು ಕೆಲಸ ಮಾಡುವುದು, ವೃತ್ತದ ಆಕಾರವೇ ಎಲ್ಲರನ್ನೂ ಮೆಲ್ಲಗೆ ನಡೆಯುವಂತೆ ಮಾಡುವುದರಿಂದ. ನೆಟ್ಟಗೆ ಓಡುವ ಹೆದ್ದಾರಿಯಲ್ಲಿ ಆ ಸಹಾಯವಿಲ್ಲ.

ಬ್ರಿಟನ್ನಿನ ಹೆದ್ದಾರಿ ಸಂಹಿತೆಯು ಹಕ್ಕೆಂಬ ಮಾತನ್ನೇ ಬಹು ಜಾಗರೂಕತೆಯಿಂದ ಬಳಸುತ್ತದೆ. ತನ್ನ ನಿಯಮಗಳು ಯಾರಿಗೂ ಯಾವ ಸಂದರ್ಭದಲ್ಲಿಯೂ ದಾರಿಯ ಹಕ್ಕನ್ನು ಕೊಡುವುದಿಲ್ಲ, ಯಾವಾಗ ದಾರಿ ಬಿಡಬೇಕೆಂಬುದನ್ನು ಮಾತ್ರ ತಿಳಿಸುತ್ತವೆ ಎಂಬುದು ಅದರ ನಿಲುವು. 2022ರ ಜನವರಿಯಲ್ಲಿ ಅದನ್ನು ತಿದ್ದಿದಾಗ, ಹೆಚ್ಚು ಹಾನಿ ಮಾಡಬಲ್ಲವನಿಗೆ ಹೆಚ್ಚು ಹೊಣೆಯೆಂಬ ತತ್ತ್ವವನ್ನು ಸೇರಿಸಿದರು. ತಿರುಗುವ ಮೋಟಾರು, ನೇರವಾಗಿ ಹೋಗುವ ಸೈಕಲ್ಲನ್ನು ಅಡ್ಡಗಟ್ಟಬಾರದು. ದಾಟಲು ಕಾದಿರುವ ಪಾದಚಾರಿಗೆ ಕೂಡುರಸ್ತೆಯಲ್ಲಿ ದಾರಿ ಬಿಡಬೇಕು. ನಮ್ಮಲ್ಲಿಯೂ ಅಪಘಾತದ ಪರಿಹಾರದ ವ್ಯಾಜ್ಯವು ನ್ಯಾಯಮಂಡಲಿಯ ಮುಂದೆ ಬಂದಾಗ ಇಬ್ಬರ ಅಜಾಗರೂಕತೆಯನ್ನೂ ತೂಗಿ ನೋಡುವ ಪದ್ಧತಿಯಿದೆ. ಸತ್ತವನ ಪಾಲು ನೂರಕ್ಕೆ ಇಷ್ಟೆಂದು ಗೊತ್ತುಮಾಡಿ ವಿಧವೆಗೆ ದೊರೆಯತಕ್ಕ ಹಣದಲ್ಲಿ ಅಷ್ಟನ್ನು ಕಳೆಯುತ್ತಾರೆ. ದಾಟಲು ಬೇರೆ ಮಾರ್ಗವಿಲ್ಲದಂತೆ ರಸ್ತೆಯನ್ನು ಕಟ್ಟಿದವನ ಪಾಲು ಎಷ್ಟೆಂದು ಗೊತ್ತುಮಾಡುವುದು ಯಾವಾಗ? ಅದಕ್ಕೂ ಕಾಯಿದೆಯಲ್ಲಿ ಸ್ಥಾನವಿಲ್ಲದಿಲ್ಲ. 2019ರ ತಿದ್ದುಪಡಿಯಿಂದ ಬಂದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ದುರಸ್ತಿಗಳಲ್ಲಿ ಗೊತ್ತುಪಡಿಸಿದ ಸುರಕ್ಷತಾ ಕ್ರಮಗಳನ್ನು ಪಾಲಿಸದೆ ಮರಣಕ್ಕೋ ಅಂಗವೈಕಲ್ಯಕ್ಕೋ ಕಾರಣನಾದ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಒಂದು ಜೀವಕ್ಕೆ ಈ ಮೊತ್ತವು ಅತ್ಯಲ್ಪವೆಂಬುದು ನಿಜ. ಆದರೆ ಅಪಘಾತದ ಸ್ಥಳಕ್ಕೆ ಬಂದು ಪಂಚನಾಮೆ ಬರೆಯುವ ಅಧಿಕಾರಿಗಳು ಬ್ರೇಕಿನ ಗುರುತನ್ನು ಅಳೆದಂತೆಯೇ ದಾಟುದಾರಿಯ ಗುರುತು ಇದೆಯೋ ಇಲ್ಲವೋ, ಫಲಕವು ಇದೆಯೋ ಇಲ್ಲವೋ ಎಂಬುದನ್ನೂ ಬರೆದಿಡುವ ಪದ್ಧತಿಯನ್ನು ಹಾಕಿಕೊಂಡರೆ ಈ ಕಲಮಿಗೆ ಜೀವ ಬಂದೀತು.

ಸರ್ಕಾರದ ಎರಡು ಕೈಗಳು ಒಂದನ್ನೊಂದು ಕಾಣದೆ ದುಡಿಯುವ ಸಂಗತಿಗೆ ಇಲ್ಲಿಯೇ ಒಂದು ಉದಾಹರಣೆಯಿದೆ. ಕರ್ನಾಟಕ ಸರ್ಕಾರದವರು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದರು. ಕೋವಿಡ್ ಕಾಲದಲ್ಲಿ ಅದು ನಿಂತುಹೋಗುವ ಮುಂಚೆ ಅದರಿಂದ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಪ್ರೌಢಶಾಲೆಯ ಮುಖವನ್ನು ಕಂಡರು; ಅದು ಶ್ಲಾಘ್ಯವಾದ ಕಾರ್ಯ. ಅದೇ ವರ್ಷಗಳಲ್ಲಿ ಇನ್ನೊಂದು ಇಲಾಖೆಯವರು, ಆ ಮಕ್ಕಳ ಮನೆಗೂ ಶಾಲೆಗೂ ನಡುವೆ ಇದ್ದ ಎರಡು ಪಥದ ರಸ್ತೆಯನ್ನು ನಾಲ್ಕು ಪಥಗಳದಾಗಿ ಅಗಲಿಸಿದರು. ಸೈಕಲ್ಲನ್ನು ಕೊಟ್ಟವರು ಅದು ಯಾವ ರಸ್ತೆಯನ್ನು ದಾಟಬೇಕೆಂದು ಕೇಳಲಿಲ್ಲ. ರಸ್ತೆಯನ್ನು ಅಗಲಿಸಿದವರು ಅದನ್ನು ಯಾವ ಸೈಕಲ್ಲು ದಾಟುವುದೆಂದು ಕೇಳಲಿಲ್ಲ.

ಮಾಡತಕ್ಕದ್ದೇನು? ಕೋಟ, ಸಾಲಿಗ್ರಾಮ, ಸಾಸ್ತಾನ, ಬ್ರಹ್ಮಾವರಗಳ ಜನರು ಸೇವಾರಸ್ತೆಗಳಿಗಾಗಿ ಬಹುಕಾಲದಿಂದ ಕೇಳುತ್ತಿರುವುದು ನ್ಯಾಯವಾದ ಬೇಡಿಕೆ. ಸೇವಾರಸ್ತೆಯಿರುವಲ್ಲಿ ಸೈಕಲ್ಲಿನವನು ಹೆದ್ದಾರಿಯ ಅಂಚಿನಲ್ಲಿ ವಿರುದ್ಧವಾಗಿ ಬರುವ ಕಾರಣವೇ ತಪ್ಪುತ್ತದೆ. ಆದರೆ ಆ ಸೇವಾರಸ್ತೆಯಲ್ಲಿ ಎರಡು ದಿಕ್ಕಿನಿಂದಲೂ ಜನರು ಬರುವರೆಂಬುದು ಖಂಡಿತ. ಆದುದರಿಂದ ಅದಕ್ಕೆ ಬಂದು ಸೇರುವ ಪ್ರತಿ ಒಳರಸ್ತೆಯ ಬಾಯಿಯಲ್ಲಿಯೂ ವಾಹನವು ತಾನಾಗಿ ನಿಧಾನಿಸುವಂತೆ ಉಬ್ಬನ್ನು ಹಾಕಬೇಕು. ಇಂತಹ ಉಬ್ಬುಗಳಿರುವಲ್ಲಿ ಚಾಲಕನ ಕತ್ತು ಎರಡೂ ಕಡೆ ತಿರುಗುವುದೆಂದು ಫಿನ್ಲೆಂಡಿನ ಅದೇ ವಿದ್ವಾಂಸರು ಕಂಡುಕೊಂಡಿದ್ದಾರೆ. ಹೆದ್ದಾರಿಯ ಮೇಲೆ ಪೋಲೀಸಿನವರು ಜಾಹೀರಾತಿನ ಬ್ಯಾರಿಕೇಡುಗಳನ್ನು ಹಾವಿನ ನಡಿಗೆಯಂತೆ ಅಡ್ಡವಿಟ್ಟು ವೇಗವನ್ನು ತಗ್ಗಿಸುವುದುಂಟು. ಅದು ಕೆಲಸ ಮಾಡುತ್ತದೆ, ಆದರೆ ದೀಪವಿಲ್ಲದ ಮಳೆಗಾಲದ ರಾತ್ರಿಯಲ್ಲಿ ಅದೇ ಒಂದು ಬಲೆಯಾಗುತ್ತದೆ. ಪೇಟೆಯೊಳಗಿನ ವೇಗಕ್ಕೆ ಶಾಶ್ವತವಾದ ಏರ್ಪಾಡು ಬೇಕು.

ಇನ್ನು ನಡುವಣ ವಿಭಜಕದ ತೆರಪು. ಒಂದು ಸೈಕಲ್ಲಿನ ಉದ್ದವು ಸುಮಾರು 1.8 ಮೀಟರು. ದಾಟುವವನು ಮೊದಲರ್ಧವನ್ನು ದಾಟಿ ನಡುವೆ ನಿಂತು, ಎರಡನೆಯರ್ಧಕ್ಕಾಗಿ ಕಾಯಲು ಅದಕ್ಕಿಂತ ಅಗಲವಾದ ಜಾಗವಿಲ್ಲದಿದ್ದರೆ ಮುಂದಿನ ಗಾಲಿಯೋ ಹಿಂದಿನ ಗಾಲಿಯೋ ವೇಗದ ಪಥದೊಳಕ್ಕೆ ಚಾಚಿಕೊಂಡಿರುತ್ತದೆ. ವಿಭಜಕಕ್ಕೆ ಗಿಡ ನೆಡುವವರು ಇನ್ನೊಂದನ್ನು ಗಮನಿಸಬೇಕು: ತೆರಪಿನ ಆಸುಪಾಸಿನಲ್ಲಿ ಗಿಡವು ಹನ್ನೆರಡು ವರ್ಷದ ಮಗುವಿನ ತಲೆಯ ಮಟ್ಟಕ್ಕೆ ಬೆಳೆದರೆ, ಆ ಮಗುವಿಗೆ ಬಸ್ಸು ಕಾಣುವುದಿಲ್ಲ, ಬಸ್ಸಿನವನಿಗೆ ಮಗುವು ಕಾಣುವುದಿಲ್ಲ. ಇದನ್ನು ಸರಿಪಡಿಸಲು ದಿಲ್ಲಿಯಿಂದ ಮಂಜೂರಾತಿ ಬರಬೇಕಾಗಿಲ್ಲ; ಒಂದು ಕತ್ತರಿ ಸಾಕು.

ಸಾಲಿಗ್ರಾಮದ ನಾಗರಿಕರಿಗೂ ನಮ್ಮದೊಂದು ವಿಜ್ಞಾಪನೆಯಿದೆ. ವಿರುದ್ಧ ದಿಕ್ಕಿನಲ್ಲಿ ಬರುವ ಹುಡುಗನಿಗೆ ನಾವು ಕೊಟ್ಟ ಕ್ಷಮೆಯು ಮೋಟಾರು ಸೈಕಲ್ಲಿನ ಮೇಲೆ ಹೆಂಡತಿಯನ್ನೂ ಎರಡು ಮಕ್ಕಳನ್ನೂ ಕೂರಿಸಿಕೊಂಡು ಹಾಗೆ ಬರುವ ಗೃಹಸ್ಥನಿಗೆ ಸಲ್ಲುವುದಿಲ್ಲ. ಪೆಟ್ರೋಲಿನ ಎರಡು ರೂಪಾಯಿಯನ್ನು ಉಳಿಸಲು ಅವನು ಹೂಡುವ ಬಂಡವಾಳವು ಬಹಳ ದೊಡ್ಡದು. ಶಾಲೆಯ ಉಪಾಧ್ಯಾಯರು ‘ನಿನಗೆ ಹಕ್ಕಿದೆಯೇ’ ಎಂದು ಮಕ್ಕಳನ್ನು ಕೇಳುವುದರ ಜೊತೆಗೆ, ‘ಅವನು ನಿನ್ನನ್ನು ನೋಡಿದನೇ’ ಎಂಬ ಪ್ರಶ್ನೆಯನ್ನೂ ಕಲಿಸಲಿ. ಚಾಲಕನ ಮುಖವನ್ನು ಕಾಣದೆ, ಅವನ ಗಾಲಿಯು ನಿಧಾನಿಸುವುದನ್ನು ಕಾಣದೆ ಮುಂದೆ ಹೆಜ್ಜೆಯಿಡಬಾರದೆಂಬುದನ್ನು ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಅಭ್ಯಾಸ ಮಾಡಿಸಬಹುದು. ದೇವಸ್ಥಾನದ ರಥೋತ್ಸವದ ದಿನಗಳಲ್ಲಿ ಜನಸಂದಣಿಗಾಗಿ ಮಾಡುವ ಕಾವಲಿನ ಹತ್ತರಲ್ಲೊಂದು ಪಾಲು, ಶಾಲೆ ಬಿಡುವ ಅರ್ಧ ಗಂಟೆಗೆ ವರ್ಷವಿಡೀ ದೊರೆತರೆ ಬಹಳ ಉಪಕಾರವಾದೀತು.

ಹೆದ್ದಾರಿಯ ಎಂಜಿನಿಯರರು ಸ್ಥಳ ಪರೀಕ್ಷೆಗೆ ಬರುವುದುಂಟು. ಅವರು ಜೀಪಿನಲ್ಲಿ ಬರುತ್ತಾರೆ, ಮುಂದೆ ಪೋಲೀಸಿನವರಿರುತ್ತಾರೆ, ಅವರು ದಾಟುವಾಗ ವಾಹನಗಳನ್ನು ಕೈಯೆತ್ತಿ ನಿಲ್ಲಿಸಲಾಗುತ್ತದೆ. ಆಗ ರಸ್ತೆಯು ಬಹಳ ಸುಲಭವಾಗಿ ತೋರುತ್ತದೆ. ಮುಂದಿನ ಮಳೆಗಾಲದಲ್ಲಿ ಶಾಲೆಗಳು ತೆರೆದ ಮೇಲೆ ಒಂದು ದಿನ, ಜಿಲ್ಲಾಧಿಕಾರಿಗಳೂ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರರೂ ಬೆಂಗಾವಲನ್ನು ಬ್ರಹ್ಮಾವರದಲ್ಲಿಯೇ ಬಿಟ್ಟು ಬಂದು, ಸಂಜೆ ನಾಲ್ಕೂವರೆ ಗಂಟೆಗೆ ಸಾಲಿಗ್ರಾಮದ ಪೇಟೆಯಲ್ಲಿ ಒಂದೊಂದು ಬಾಡಿಗೆ ಸೈಕಲ್ಲನ್ನು ಹಿಡಿದು, ಬೆನ್ನಿಗೊಂದು ಪುಸ್ತಕದ ಚೀಲವನ್ನು ಏರಿಸಿಕೊಂಡು, ಹೆದ್ದಾರಿಯನ್ನು ಆ ಬದಿಯಿಂದ ಈ ಬದಿಗೂ ಈ ಬದಿಯಿಂದ ಆ ಬದಿಗೂ ಒಂದೊಂದು ಸಲ ದಾಟಿ ನೋಡಬೇಕೆಂದು ನಾವು ಕೋರುತ್ತೇವೆ. ಸೇವಾರಸ್ತೆಯ ಕಡತವು ಅನಂತರ ಯಾವ ಮೇಜಿನ ಮೇಲಿರುವುದೆಂಬುದನ್ನು ಒಂದು ತಿಂಗಳು ಬಿಟ್ಟು ವಿಚಾರಿಸುವೆವು.